ಹೊಸ್ತಿಲಿಲ್ಲದ ಹಿಂಬಾಗಿಲು

ಮೊದಲ ಮಾತುಕತೆಯನ್ನು ಗೊತ್ತುಮಾಡಿಕೊಟ್ಟವಳು ಮಗಳು. ಮರಗೆಲಸದವರ ಬದುಕನ್ನು ಅವರ ಬಾಯಿಂದಲೇ ಕೇಳಿ ದಾಖಲಿಸುವ ಕೆಲಸಕ್ಕಾಗಿ ಟಿಂಬರ್ ಡಿಪೋಗಳಲ್ಲಿ ವಿಚಾರಿಸುತ್ತಿದ್ದಾಗ, ಮನೆಯ ಹೊರಗೆ ಹಾಸುವ ಹಲಗೆಯ ಮಾತು ಬಂದಲ್ಲೆಲ್ಲ ಒಬ್ಬರ ಪ್ರಸ್ತಾಪ ಬರುತ್ತಿತ್ತು. ಯಾರೂ ಅವರ ಹೆಸರು ಹೇಳಲಿಲ್ಲ. ಅಂಗೈ ಮೇಸ್ತ್ರಿ ಎಂದರು. ಅವರ ಮಗಳು ಕಟ್ಟಡ ಸಾಮಗ್ರಿಯ ಅಂಗಡಿಯೊಂದರ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆಂದು ತಿಳಿದು ಅಲ್ಲಿಗೆ ಹೋದೆ. ಅವಳು ಮೊಳೆ ತೂಗುತ್ತಲೇ ನನ್ನ ಮಾತು ಕೇಳಿಸಿಕೊಂಡಳು.

"ಅಪ್ಪ ಈಗ ಕೆಲಸಕ್ಕೆ ಹೋಗ್ತಿಲ್ಲ. ಮಾತೂ ಅಷ್ಟಕ್ಕಷ್ಟೆ. ಕೇಳಿ ನೋಡ್ತೀನಿ. ಹೂಂ ಅಂದ್ರೆ ನಿಮ್ಮ ಪುಣ್ಯ."

ವಾರ ಕಳೆದ ಮೇಲೆ ಅವಳೇ ಫೋನ್ ಮಾಡಿದಳು. ಒಪ್ಪಿಗೆ ಸಿಕ್ಕಿತ್ತು, ಎರಡು ಷರತ್ತಿನ ಮೇಲೆ.

"ಅಮ್ಮ ಜೊತೆಗಿರಬೇಕಂತೆ. ಇಲ್ಲಾಂದ್ರೆ ತಾವು ಹೇಳೋದ್ರಲ್ಲಿ ಅರ್ಧ ಸುಳ್ಳು ಸೇರ್ಕೊಳ್ಳುತ್ತಂತೆ. ಇದು ಅಪ್ಪನ ಷರತ್ತು. ಇನ್ನೊಂದು ನಂದು. ಹಿಂಬಾಗಿಲಿನ ವಿಷಯ ನೀವಾಗಿ ಎತ್ತಬೇಡಿ, ಮೇಡಂ."

ಎರಡನೆಯ ಷರತ್ತನ್ನು ನಾನು ಪಾಲಿಸಿದೆ. ಅದನ್ನು ಮುರಿದವರು ಅವಳ ತಾಯಿ.

ಮನೆ ಇಳಿಜಾರಿನಲ್ಲಿತ್ತು. ಮುಂಬಾಗಿಲು ಬೀದಿಯ ಮಟ್ಟದಲ್ಲಿದ್ದರೂ ಎದುರಿನ ಎತ್ತರದ ಕಟ್ಟಡ ಬೆಳಕನ್ನೆಲ್ಲ ನುಂಗಿ, ಮುಂದಿನ ಕೋಣೆಯಲ್ಲಿ ಹಗಲಿಗೂ ದೀಪ ಉರಿಯುತ್ತಿತ್ತು. ಹಿಂದೆ ನೆಲ ಇಳಿದುಹೋಗಿ, ಅಡುಗೆಮನೆಯ ಬಾಗಿಲು ಎದೆಮಟ್ಟದಷ್ಟು ಮೇಲೆ ನಿಂತಿತ್ತು. ಅಲ್ಲಿ ಕಂಬ, ತೊಲೆ ಕೊಟ್ಟು ಹಲಗೆ ಹಾಸಿದ ಜಾಗವನ್ನು ಗಿರಾಕಿಗಳು ಡೆಕ್ ಎನ್ನುತ್ತಾರೆ. ಮೇಸ್ತ್ರಿಯ ಮನೆಯಲ್ಲಿ ಅದು ಹಲಗೆ ಜಗಲಿ. ಇಡೀ ಮನೆಗೆ ಸರಿಯಾದ ಬೆಳಕಿದ್ದ ಒಂದೇ ಜಾಗ ಅದು. ನಾನು ಹೋದ ದಿನ ಅದರ ಬಾಗಿಲಿಗೆ ಅಗಳಿ ಬಿದ್ದಿತ್ತು.

ಮೇಸ್ತ್ರಿಯ ಹೆಂಡತಿಯನ್ನು ಬೀದಿಯವರು ಟೈಲರಮ್ಮ ಎಂದು ಕರೆಯುತ್ತಾರೆ. ಅವರು ಮುಂದಿನ ಕೋಣೆಯ ಮಂಚದಲ್ಲಿ ದಿಂಬಿಗೆ ಒರಗಿದ್ದರು. ಹೊದಿಕೆಯ ಕೆಳಗೆ ಒಂದೇ ಪಾದದ ಉಬ್ಬು ಕಾಣುತ್ತಿತ್ತು.

"ನೋಡೋದು ಮುಗೀತಾ?" ಎಂದರು, ಸಿಟ್ಟೇನೂ ಇಲ್ಲದೆ. "ಬಲಗಾಲು ಹೋಯ್ತು. ಎಡಗಾಲು ಕೋರ್ಟಲ್ಲಿದೆ, ತೀರ್ಪು ಇನ್ನೂ ಬಂದಿಲ್ಲ. ಎಲ್ಲಾ ಆ ಹಿಂಬಾಗಿಲಿಂದ ಆಗಿದ್ದು. ಈಗ ಇವರ ಕತೆ ಬರ್ಕೊಳ್ಳಿ."

ಮೇಸ್ತ್ರಿ ಗೋಡೆಯ ಪಕ್ಕದ ಸ್ಟೂಲಿನ ಮೇಲೆ, ಬಿಸಿನೀರಿನ ಬೋಗುಣಿಯಲ್ಲಿ ಎರಡೂ ಅಂಗೈ ಅದ್ದಿಕೊಂಡು ಕೂತಿದ್ದರು. ಕೀಲುನೋವಿನ ಉಪಚಾರವಿರಬೇಕೆಂದು ಭಾವಿಸಿ ನಾನು ಆ ದಿನ ಅದನ್ನು ಕೇಳಲಿಲ್ಲ.

ಅವರು ಈ ಕೆಲಸ ಕಲಿತದ್ದು ಸೋದರಮಾವನ ಕೈಕೆಳಗೆ. ಮಾವ ಮಾತಿನ ಮನುಷ್ಯನಲ್ಲ. ಡಿಪೋಗೆ ಕರೆದುಕೊಂಡು ಹೋಗಿ ರಾಶಿಯ ಮುಂದೆ ನಿಲ್ಲಿಸಿ, "ಮಗುವಿಗೆ ಜ್ವರ ನೋಡ್ತಾರಲ್ಲ, ಹಾಗೆ ನೋಡು" ಎಂದರಂತೆ. ಹಸಿ ಮರ ಅಂಗೈಗೆ ತಣ್ಣಗಿರುತ್ತದೆ, ಒಣಗಿದ್ದು ಬೆಚ್ಚಗೆ. ಇವೆರಡರ ನಡುವಿನ ಮೆಟ್ಟಿಲುಗಳನ್ನೆಲ್ಲ ಅಂಗೈ ತಾನಾಗಿ ಕಲಿಯಬೇಕು. ಹೊರಾಂಗಣಕ್ಕೆ ಬಳಸುವುದು ಮದ್ದಿನ ಮರ. ದೊಡ್ಡ ಉರುಳೆಯೊಳಗೆ ಮರವನ್ನು ತುಂಬಿ, ಒತ್ತಡ ಹಾಕಿ, ಹುಳ ಮತ್ತು ಕೊಳೆ ತಡೆಯುವ ಮದ್ದನ್ನು ಅದಕ್ಕೆ ಕುಡಿಸಿರುತ್ತಾರೆ. ಡಿಪೋಗೆ ಬರುವಾಗ ಅದು ಭಾರವಾಗಿ, ಒದ್ದೆಯಾಗಿ, ಸ್ವಲ್ಪ ಹಸಿರಿಗೆ ತಿರುಗಿರುತ್ತದೆ. ಅಂಥ ಹಲಗೆಗಳನ್ನು ಒಂದಕ್ಕೊಂದು ತಾಗಿಸಿಯೇ ಹಾಸಬೇಕು, ಒಣಗುತ್ತ ಕುಗ್ಗಿ ಅವೇ ಸಂದು ಬಿಟ್ಟುಕೊಳ್ಳುತ್ತವೆ. ಎಷ್ಟು ಹಸಿಯಿದೆ ಎಂದು ತಿಳಿಯದವನ ಜಗಲಿಯಲ್ಲಿ ಮೊದಲ ಬೇಸಿಗೆಗೇ ಬೆರಳು ತೂರುವಷ್ಟು ಸಂದು.

"ಕೊಯ್ದ ಬಾಯಿಗೆ ಮತ್ತೆ ಮದ್ದು ಹಚ್ಚಬೇಕು. ಮದ್ದು ಒಳತಿರುಳಿನವರೆಗೂ ಹೋಗಿರಲ್ಲ. ಹಚ್ಚದೆ ಹಾಕಿದೋನು ಬಡಗಿ ಅಲ್ಲ, ಹುಳಕ್ಕೆ ಊಟ ಬಡಿಸೋನು," ಎಂದರು ಮೇಸ್ತ್ರಿ. ತಮ್ಮ ಕೆಲಸದ ಬಗ್ಗೆ ಅವರು ನನ್ನೆದುರು ಸೇರಿಸಿ ಆಡಿದ ಅತಿ ಉದ್ದದ ಮಾತು ಇದು.

ಮರದ ತೇವ ಅಳೆಯುವ ಮೀಟರ್ ಡಿಪೋಗೆ ಬಂದಾಗ ಅಲ್ಲಿದ್ದವರು ಯಂತ್ರಕ್ಕೂ ಇವರಿಗೂ ಪಂದ್ಯ ಕಟ್ಟಿದ್ದರು. ಇವರು ಹಲಗೆ ಮುಟ್ಟಿ ಹೇಳುವುದು, ಅವರು ಮೀಟರಿನ ಮುಳ್ಳು ಚುಚ್ಚಿ ನೋಡುವುದು. ಅಂದಿನಿಂದ ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ಅಂಗೈ ಮೇಸ್ತ್ರಿಗೆ ಮೀಟರ್ ಯಾಕೆ ಎಂಬುದು ಡಿಪೋದ ಗಾದೆಯಾಯಿತು. ಇದನ್ನು ನನಗೆ ಹೇಳಿದ್ದು ಟೈಲರಮ್ಮ. ಹೇಳಿ ಅಲ್ಲಿಗೆ ನಿಲ್ಲಿಸಲಿಲ್ಲ.

"ಮೀಟರಿಗೆ ಸರಿ. ಬಟ್ಟೆಗೆ ಆ ಕೈ ಶತ್ರು. ಮದುವೆಯಾದ ಹೊಸದ್ರಲ್ಲಿ ನಾನು ಹೊಲಿಯೋ ರೇಷ್ಮೆ ಮುಟ್ಟೋಕೆ ಬಂದ್ರೆ ಕೈ ಮೇಲೆ ಹೊಡೀತಿದ್ದೆ. ಸಿಕ್ಕ ದಾರ ಅಷ್ಟೂ ಎಳ್ಕೊಂಡು ಬರ್ತಿತ್ತು, ಕೈಯೋ ಅರವೋ ಅಂತ. ಕೆನ್ನೆ ಮುಟ್ಟಿದ್ರೂ ಅಷ್ಟೇ, ಮಾರನೇ ದಿನ ಉರಿ."

"ಕೆನ್ನೆ ಕೊಟ್ಟೋಳು ನೀನೇ ತಾನೆ," ಎಂದರು ಮೇಸ್ತ್ರಿ, ಬೋಗುಣಿಯಿಂದ ತಲೆಯೆತ್ತದೆ.

ಇಬ್ಬರೂ ನಕ್ಕರು. ಆ ಮನೆಯಲ್ಲಿ ಮಾಡಿದ ಧ್ವನಿಮುದ್ರಣಗಳಲ್ಲೆಲ್ಲ ಇಬ್ಬರ ನಗು ಒಟ್ಟಿಗೆ ಕೇಳಿಸುವುದು ಇದೊಂದೇ ಕಡೆ.

ಟೈಲರಮ್ಮ ಬದುಕೆಲ್ಲ ಕಾಲಿನಿಂದ ತುಳಿಯುವ ಯಂತ್ರದಲ್ಲಿ ಹೊಲಿದವರು. ವಿದ್ಯುತ್ ಮೋಟಾರು ಹಾಕಿಸಿಕೊಡುತ್ತೇನೆಂದರೂ ಒಪ್ಪಲಿಲ್ಲ. ವೇಗ ಕಾಲಿನಲ್ಲಿದ್ದರೆ ಕೈ ನಿಶ್ಚಿಂತೆಯಾಗಿರುತ್ತದೆ ಎಂಬುದು ಅವರ ನಂಬಿಕೆ. ಬಲಗಾಲೇ ಮುಂದು, ನಿಂತಾಗಲೂ ಭಾರವೆಲ್ಲ ಬಲಗಾಲಿನ ಮೇಲೆ. ಗುಂಡಿ ತೂರಿಸುವ ಕಾಜಾ ಹೊಲಿಯುವಂಥ ಕಣ್ಣಿನ ಕೆಲಸವನ್ನು ಮಾತ್ರ ಅವರು ಹಲಗೆ ಜಗಲಿಯ ಕುರ್ಚಿಯಲ್ಲಿ ಕೂತು ಮಾಡುತ್ತಿದ್ದರು. ಒಳಗಿನ ದೀಪದಲ್ಲಿ ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಅವರಿಗೆ ಕಾಣುತ್ತಿರಲಿಲ್ಲ. ಕಾಜಾ ಬಿಟ್ಟರೆ ಉಳಿಯುವುದು ದಿಂಬಿನ ಗವುಸು, ಪರದೆ. ಅದು ಟೈಲರ್ ಕೆಲಸವಲ್ಲ, ನೇರ ಗೆರೆ ಎಳೆಯುವುದು ಎಂದು ಅವರು ಬಗೆದಿದ್ದರು.

ಶುಗರ್ ಇದೆಯೆಂದು ಗೊತ್ತಾಗಿ ವರ್ಷಗಳಾಗಿದ್ದವು. ಅದು ಕಾಲಿಗೆ ಇಳಿದಿದೆಯೆಂದು ಗೊತ್ತಾದದ್ದು ಒಂದು ತಮಾಷೆಯಿಂದ. ಅಂಗಡಿಯಿಂದ ಮನೆಗೆ ಒಂದೇ ಚಪ್ಪಲಿಯಲ್ಲಿ ನಡೆದು ಬಂದಿದ್ದರು. ಇನ್ನೊಂದು ದಾರಿಯಲ್ಲೆಲ್ಲೋ ಕಳಚಿಬಿದ್ದದ್ದು ಅವರ ಅರಿವಿಗೇ ಬಂದಿರಲಿಲ್ಲ.

"ಇವರು ಬಾಗಿಲಲ್ಲೇ ನಿಂತು, ಏನಮ್ಮ, ಒಂದನ್ನ ದಾನ ಕೊಟ್ಟು ಬಂದ್ಯಾ ಅಂದ್ರು. ನಾನೂ ನಕ್ಕೆ. ರಾತ್ರಿ ಪಾದಕ್ಕೆ ಸೂಜಿ ಚುಚ್ಚಿ ನೋಡ್ಕೊಂಡೆ. ಬಟ್ಟೆಗೆ ಚುಚ್ಚಿದ ಹಾಗೆ."

ಆಗ ಜಗಲಿಯಲ್ಲಿದ್ದದ್ದು ಮದ್ದಿನ ಮರವೇ. ಮನೆ ಕಟ್ಟಿದ ಕಾಲದಲ್ಲಿ ಮೇಸ್ತ್ರಿ ಸ್ವತಃ ಹಾಸಿದ್ದು. ಮದ್ದು ಕುಡಿದ ಮರ ಕೊಳೆಯುವುದಿಲ್ಲ, ನಿಜ. ಆದರೆ ಬಿಸಿಲಿಗೆ, ನೀರಿಗೆ ಮೈ ಒಡೆಯುವುದು ತಪ್ಪುವುದಿಲ್ಲ. ವರ್ಷಕ್ಕೊಮ್ಮೆ ಉಜ್ಜಿ ಎಣ್ಣೆ ಕೊಡದಿದ್ದರೆ ಸಿಬಿರು ಏಳುತ್ತದೆ. ಅಂಥದೊಂದು ಸಿಬಿರು ಟೈಲರಮ್ಮನ ಹಿಮ್ಮಡಿಗೆ ಹೊಕ್ಕಿತು. ಅವರಿಗೆ ಗೊತ್ತಾಗಲಿಲ್ಲ. ಹಾಸಿಗೆಯ ಮೇಲೆ ಕಲೆ ಕಂಡಾಗ ಒಳಗೆ ಕೀವಾಗಿತ್ತು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ಮಗಳನ್ನು ಪಕ್ಕಕ್ಕೆ ಕರೆದು, ಈ ಸಲ ಕಾಲು ಉಳಿಯಿತು, ಇನ್ನೊಂದು ಸಿಬಿರಿಗೆ ಉಳಿಯುವುದಿಲ್ಲ ಎಂದರು. ಮನೆಯೊಳಗೂ ಪಟ್ಟಿಯಿರುವ ಬೂಟು ಹಾಕಿಕೊಂಡೇ ಓಡಾಡಬೇಕೆಂದೂ ಹೇಳಿದರು. ಟೈಲರಮ್ಮ ಬೂಟನ್ನು ಹೊರಗಿನ ವಸ್ತುವೆಂದು ತಿಳಿದವರು. ಮುಂಬಾಗಿಲಲ್ಲಿ ಹಾಕಿಕೊಂಡು ಮುಂಬಾಗಿಲಲ್ಲೇ ಬಿಡುತ್ತಿದ್ದರು.

ಹಳೆಯ ಹಲಗೆ ತೆಗೆಯಬೇಕೆನ್ನುವುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಹೊಸದು ಯಾವುದು ಎನ್ನುವುದರಲ್ಲಿ ಅತ್ತ ದರಿ, ಇತ್ತ ಪುಲಿ. ಆ ಚರ್ಚೆ ನಡೆದದ್ದು ಅಡುಗೆಮನೆಯ ಮೇಜಿನ ಸುತ್ತ. ಮೂವರೂ ಅದನ್ನು ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ, ಮತ್ತು ಮೂವರ ನಿರೂಪಣೆಯೂ ಬಹುತೇಕ ಒಂದೇ ಆಗಿದೆ. ಮಗಳು ಅಂಗಡಿಯಿಂದ ಕಾಂಪೋಸಿಟ್ ಹಲಗೆಯ ತುಂಡುಗಳನ್ನು ತಂದು ಮೇಜಿನ ಮೇಲಿಟ್ಟಳು. ಡಿಪೋದವರು ಅದಕ್ಕಿಟ್ಟ ಹೆಸರು ಕಲಬೆರಕೆ ಹಲಗೆ.

"ಮರದ ಪುಡಿ, ಪ್ಲಾಸ್ಟಿಕ್ ಎರಡೂ ಕಲಸಿ ಮಾಡಿರೋದು ಅಪ್ಪ. ಸೀಳಲ್ಲ, ಸಿಬಿರು ಏಳಲ್ಲ. ಎಣ್ಣೆ ಕೊಡೋದೂ ಬೇಡ."

"ಮರಕ್ಕೆ ಮರ ಅಲ್ಲ, ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಅಲ್ಲ. ಅದನ್ನ ಹೆತ್ತೋರು ಯಾರು?"

"ನಿಮ್ಮ ಮಗಳೂ ನಮ್ಮಿಬ್ಬರನ್ನ ಕಲಸಿ ಹುಟ್ಟಿರೋಳೇ," ಎಂದರು ಟೈಲರಮ್ಮ. "ಚೆನ್ನಾಗೇ ಇದ್ದಾಳಲ್ಲ."

"ಮೂಗು ಮಾತ್ರ ನಿಮ್ಮ ಕಡೇದು. ಅಲ್ಲೇ ಕೆಟ್ಟಿದ್ದು."

"ಅಪ್ಪ, ತಮಾಷೆ ಸಾಕು."

ಮೇಸ್ತ್ರಿ ಇನ್ನೊಂದು ದಾರಿ ಮುಂದಿಟ್ಟರು: ಒಳ್ಳೆಯ ಮದ್ದಿನ ಮರವನ್ನೇ ತಂದು, ಒಣಗಿಸಿ, ನುಣ್ಣಗೆ ಕೀಸುಳಿ ಹಿಡಿದು ಹಾಸುವುದು, ವರ್ಷಕ್ಕೊಮ್ಮೆ ತಾವೇ ಉಜ್ಜಿ ಎಣ್ಣೆ ಕೊಡುವುದು.

"ಇಷ್ಟು ವರ್ಷ ಎಷ್ಟು ಸಲ ಉಜ್ಜಿದ್ರಿ?" ಎಂದಳು ಮಗಳು.

ಊರಿನ ಜಗಲಿಗಳನ್ನೆಲ್ಲ ಉಜ್ಜಿದವರ ಮನೆಯ ಹಲಗೆಯೇ ಉಜ್ಜದೆ ಸಿಬಿರೆದ್ದಿತ್ತು. ಸಿಬಿರಿನ ಸುದ್ದಿ ಬಂದ ಮೇಲೆ ಹಾವೂ ಸಾಯದೆ ಕೋಲೂ ಮುರಿಯದೆ ಆಗುವ ಕೆಲಸ ಇದಲ್ಲವೆಂದು ಮೇಸ್ತ್ರಿಗೂ ಅನಿಸಿತು. ಕಾಂಪೋಸಿಟ್ ಆಗಲಿ ಎಂದರು. ಆದರೆ ಬಣ್ಣ ತಮ್ಮದು. ಮಗಳು ತಿಳಿಬೂದಿಯ ತುಂಡನ್ನು ಮುಂದೆ ತಳ್ಳಿದಳು. ಅವರು ಅದನ್ನು ಹಿಂದಕ್ಕೆ ತಳ್ಳಿದರು.

"ಮನೆಗೆ ಬೂದಿ ಹಾಸಿದ ಹಾಗಿರುತ್ತೆ. ಮರ ಅಲ್ಲದಿದ್ರೂ ಪರವಾಗಿಲ್ಲ, ಮರದ ಬಣ್ಣನಾದ್ರೂ ಇರಲಿ."

ಕಡುಗಂದು ಬಣ್ಣ ಆರಿಸಿದರು.

ಈ ಹಲಗೆ ಬಿಸಿಲಿಗೆ ಕಾಯುತ್ತದೆ, ಬಣ್ಣ ಗಾಢವಾದಷ್ಟೂ ಹೆಚ್ಚು ಕಾಯುತ್ತದೆ ಎಂಬುದು ಅಂದು ಯಾರಿಗೂ ತಿಳಿದಿರಲಿಲ್ಲವೇ ಎಂದು ಮಗಳನ್ನು ಅಂಗಡಿಯಲ್ಲಿ ಕೇಳಿದ್ದೇನೆ. ಅವಳು ತುಸು ಹೊತ್ತು ಕೌಂಟರಿನ ಗಾಜನ್ನು ಒರೆಸಿದಳು.

"ಗೊತ್ತಿತ್ತು. ಗಿರಾಕಿಗಳಿಗೆ ನಾನೇ ಹೇಳ್ತಿದ್ದೆ, ಬೇಸಿಗೇಲಿ ಕಾಲು ಚುರ್ ಅನ್ನುತ್ತೆ, ಚಪ್ಪಲಿ ಹಾಕ್ಕೊಳ್ಳಿ ಅಂತ. ಚುರ್ ಅಂದ್ರೆ ಯಾರಾದ್ರೂ ಕಾಲು ಎತ್ತೇ ಎತ್ತುತ್ತಾರಲ್ಲ. ಅಮ್ಮ ಎತ್ತಲ್ಲ ಅನ್ನೋದು ಹೊಳೀಲಿಲ್ಲ. ಸಿಬಿರು ಗೊತ್ತಾಗಲ್ಲ ಅನ್ನೋದಷ್ಟೇ ತಲೇಲಿತ್ತು. ಗೊತ್ತಾಗಲ್ಲ ಅಂದ್ರೆ ಎಲ್ಲಾನೂ ಗೊತ್ತಾಗಲ್ಲ ಅಂತ... ಇಷ್ಟು ಸುಲಭದ್ದು ಮೂರು ಜನಕ್ಕೂ ಹೊಳೀಲಿಲ್ಲ, ಮೇಡಂ."

ಕೆಲಸ ಚಳಿಗಾಲದಲ್ಲಿ ನಡೆಯಿತು. ಮೇಸ್ತ್ರಿ ಕೂಲಿಯವರನ್ನು ಕರೆಯಲಿಲ್ಲ. ಮದ್ದಿನ ಮರದ ಅಭ್ಯಾಸದಂತೆ ಹಲಗೆಗಳನ್ನು ತಾಗಿಸಲು ಕೈ ತಾನಾಗಿ ಹೋಗುತ್ತಿತ್ತಂತೆ; ಬಿಸಿಲಿಗೆ ಇದು ಹಿಗ್ಗುವ ವಸ್ತು, ಸಂದು ಬಿಡಿ ಎಂದು ಮಗಳು ಎಚ್ಚರಿಸಬೇಕಾಯಿತು. ಅದೊಂದನ್ನು ಬಿಟ್ಟರೆ ಇದು ಅವರ ಕೈಯ ಅತ್ಯುತ್ತಮ ಕೆಲಸವೆಂದು ನೋಡಿದವರೆಲ್ಲ ಹೇಳಿದರು. ಹೆಂಡತಿ ಎಡವಬಾರದೆಂದು ಅವರು ಅಡುಗೆಮನೆಯ ಹೊಸ್ತಿಲನ್ನೇ ಕಿತ್ತು, ತೊಲೆಗಳನ್ನು ಎತ್ತರಿಸಿ, ಒಳನೆಲಕ್ಕೂ ಹೊರಹಲಗೆಗೂ ಒಂದು ಕೂದಲೆಳೆಯ ಅಂತರವೂ ಇಲ್ಲದಂತೆ ಮಟ್ಟ ಹೊಂದಿಸಿದರು. ಗೋಲಿ ಬಿಟ್ಟರೆ ಅಡುಗೆ ಒಲೆಯ ಬುಡದಿಂದ ಜಗಲಿಯ ಅಂಚಿನವರೆಗೂ ತಡೆಯಿಲ್ಲದೆ ಹೋಗುತ್ತಿತ್ತು. ಹೊಸ್ತಿಲು ಹೋದ ಮೇಲೆ ಜಗಲಿ ಹೊರಗಿನದಾಗಿ ಉಳಿಯಲಿಲ್ಲ. ಟೈಲರಮ್ಮನ ಪಾದಕ್ಕೆ ಅದು ಅಡುಗೆಮನೆಯೇ. ಅಡುಗೆಮನೆಗೆ ಬೂಟು ಹಾಕಿಕೊಂಡು ಹೋಗುವ ರೂಢಿ ಅವರಿಗಿರಲಿಲ್ಲ.

ಬೇಸಿಗೆ ಶುರುವಾದಾಗ ಮೇಸ್ತ್ರಿ ಪರೀಕ್ಷೆಯನ್ನೂ ಮಾಡಿದರು. ಒಂದು ಮಧ್ಯಾಹ್ನ ಮಂಡಿಯೂರಿ ಕೂತು ಹಲಗೆಯ ಮೇಲೆ ಅಂಗೈ ಇಟ್ಟರು, ಮಾವ ಕಲಿಸಿದಂತೆ, ಜ್ವರ ನೋಡುವ ಹಾಗೆ.

"ಹೇಗಿದೆ?" ಎಂದು ಟೈಲರಮ್ಮ ಒಳಗಿನಿಂದ ಕೇಳಿದರು.

"ಬೆಚ್ಚಗಿದೆ, ಅಷ್ಟೆ."

ಮೀಟರಿನೊಡನೆ ಪಂದ್ಯ ಗೆದ್ದ ಕೈಯ ಮಾತನ್ನು ಮನೆಯಲ್ಲಿ ಯಾರೂ ಪ್ರಶ್ನಿಸುವಂತಿರಲಿಲ್ಲ. ಪಕ್ಕದ ಮನೆಯ ಬೆಕ್ಕೊಂದು ಮಾತ್ರ ಒಪ್ಪಲಿಲ್ಲ. ಹಳೆಯ ಮರದ ಮೇಲೆ ದಿನವಿಡೀ ಮೈಚಾಚಿ ಮಲಗುತ್ತಿದ್ದ ಅದು, ಈಗ ಬಿಸಿಲೇರಿದ ಮೇಲೆ ಗೋಡೆಯಂಚಿನಲ್ಲೇ ಸುತ್ತಿ ಬಳಸಿ ಹೋಗುತ್ತಿತ್ತು. ಮೇಸ್ತ್ರಿಗೆ ಅದರಿಂದ ಖುಷಿಯೇ ಆಯಿತು. "ನೋಡ್ರೇ, ಬೆಕ್ಕಿಗೂ ಕಲಬೆರಕೆ ಗೊತ್ತಾಗೋಯ್ತು" ಎಂದು ಹೇಳಿಕೊಂಡು ತಿರುಗಿದರು.

ಅದೇ ಬೇಸಿಗೆಯ ಇನ್ನೊಂದು ಮಧ್ಯಾಹ್ನದ ಬಗ್ಗೆ ಟೈಲರಮ್ಮ ಒಮ್ಮೆ ಮಾತ್ರ ಹೇಳಿದ್ದಾರೆ. ಮೇಸ್ತ್ರಿ ಆಗ ಔಷಧಿ ತರಲು ಹೋಗಿದ್ದರು.

"ಹೊದಿಕೆಗಳನ್ನ ಒಗೆದಿದ್ದೆ. ಹಗ್ಗದ ಮೇಲೆ ಹಾಕಿ, ಮೂಲೆ ಎಳೆದು, ಸುಕ್ಕು ಬಿಡಿಸ್ತಾ ನಿಂತಿದ್ದೆ. ಗಾಳಿ ಇತ್ತು. ಮೈಗೆ ಹಿತವಾಗಿತ್ತು, ಮೇಡಂ. ಬಹಳ ದಿನದ ಮೇಲೆ ಹಾಗೆ ಸುಮ್ಮನೆ ನಿಂತಿದ್ದು. ನಿಂತೇ ಇದ್ದೆ. ಆಮೇಲೆ ಕುರ್ಚೀಲಿ ಕೂತು ಒಂದು ಕೋಟಿನ ಕಾಜಾ ಎಲ್ಲಾ ಮುಗಿಸಿದೆ. ಚೆನ್ನಾಗಿ ಬಂದಿತ್ತು. ಪಾದ ಕೆಳಗೇ ಇತ್ತು ಅಷ್ಟು ಹೊತ್ತೂ."

ಸಂಜೆ ಅಂಗಡಿಯಿಂದ ಬಂದ ಮಗಳಿಗೆ ಅಡುಗೆಮನೆಯ ನೆಲದಲ್ಲಿ ಒದ್ದೆ ಹೆಜ್ಜೆಗಳು ಕಂಡವು. ನೀರು ಚೆಲ್ಲಿದೆಯೆಂದು ಬಟ್ಟೆ ತಂದು ಒರೆಸುತ್ತ ಒರೆಸುತ್ತ ಮುಂದಿನ ಕೋಣೆಗೆ ಬಂದಳು. ಹೆಜ್ಜೆಗಳು ತಾಯಿಯ ಮಂಚದ ಬಳಿ ಮುಗಿದಿದ್ದವು. ಅಂಗಾಲಿನಲ್ಲಿ ಎದ್ದಿದ್ದ ಬೊಬ್ಬೆಗಳು ಒಡೆದಿದ್ದವು.

"ಏನೇ, ಹೀಗೆ ನೋಡ್ತಿದ್ದೀಯ?" ಎಂದು ತಾಯಿ ಕೇಳಿದರಂತೆ.

ಭಾರ ಹೊತ್ತ ಬಲ ಅಂಗಾಲು ಆಳಕ್ಕೆ ಸುಟ್ಟಿತ್ತು, ಎಡಗಾಲಿಗೆ ಮೇಲುಮೇಲೆ. ಬಲಗಾಲಿನ ಗಾಯ ಮಾಗಲಿಲ್ಲ. ಮೊದಲು ಬೆರಳು, ಆಮೇಲೆ ಮಂಡಿಯ ಕೆಳಗಿನ ಕಾಲು ಹೋಯಿತು. ಎಡಗಾಲಿನ ಗಾಯ ಇತ್ತ ಮಾಗದೆ ಅತ್ತ ಕೆಡದೆ ಉಳಿಯಿತು. ನಾನು ಮೊದಲ ಸಲ ಆ ಮನೆಗೆ ಹೋದಾಗ ಅದು ಅದೇ ಸ್ಥಿತಿಯಲ್ಲಿತ್ತು. ಅದೊಂದು ಕಾಲು ಉಳಿದರೆ ಊರುಗೋಲು ಹಿಡಿದು ಜಗಲಿಯ ಕುರ್ಚಿಯವರೆಗೆ ಹೋಗಿ, ಬೆಳಕಿನಲ್ಲಿ ಕೂತು, ಕೋಟಿನ ಕಾಜಾ ಹೊಲಿಯಬಹುದು. ಟೈಲರಮ್ಮ ಇನ್ನು ಬದುಕಿನಿಂದ ಕೇಳುತ್ತಿದ್ದುದು ಅಷ್ಟೇ, ಮತ್ತು ಅದನ್ನು ಅವರು ಯಾವ ಸಂಕೋಚವೂ ಇಲ್ಲದೆ ಬಂದವರಿಗೆಲ್ಲ ಹೇಳುತ್ತಿದ್ದರು.

ಹಲಗೆಯಿಂದಲೇ ಸುಟ್ಟಿತು ಎಂಬುದನ್ನು ಮೇಸ್ತ್ರಿ ಒಪ್ಪಲಿಲ್ಲ. ಡಾಕ್ಟರ ಮಾತನ್ನೂ ಒಪ್ಪಲಿಲ್ಲ.

"ನಾನು ಮುಟ್ಟಿ ನೋಡಿದ್ದೀನಿ. ಈ ಕೈ ಯಾವತ್ತು ಸುಳ್ಳು ಹೇಳಿದೆ? ಒಲೆ ಹತ್ರ ಬಿಸಿನೀರು ಚೆಲ್ಕೊಂಡಿರ್ತಾಳೆ. ಗೊತ್ತಾಗಿರಲ್ಲ."

"ಇರಬಹುದು," ಎಂದರು ಟೈಲರಮ್ಮ. "ಚೆಲ್ಕೊಂಡಿದ್ರೂ ಚೆಲ್ಕೊಂಡಿರಬಹುದು."

ಅಂದು ಒಲೆಯ ಮೇಲೆ ನೀರೇ ಇಟ್ಟಿರಲಿಲ್ಲವೆಂದು ಮಗಳು ನನಗೆ ಬಾಗಿಲವರೆಗೆ ಬಂದು ಹೇಳಿದಳು. ಅಮ್ಮನಿಗೂ ಅದು ಗೊತ್ತು ಎಂದಳು. ಅಪ್ಪನ ಎದುರು ಆ ಮಾತನ್ನು ಇಬ್ಬರೂ ಆಡುವುದಿಲ್ಲ ಎಂದಳು.

ಬೋಗುಣಿಯ ಕಾರಣ ತಿಳಿದದ್ದು ಮೂರನೆಯ ಭೇಟಿಯಲ್ಲಿ. ಮೇಸ್ತ್ರಿ ಅಂಗೈಯನ್ನು ನೀರಿನಿಂದ ತೆಗೆದು, ಬಟ್ಟೆಗೆ ಒತ್ತಿ, ಸ್ಯಾಂಡ್‌ಪೇಪರಿನ ತುಂಡಿನಿಂದ ನಿಧಾನವಾಗಿ ಉಜ್ಜತೊಡಗಿದರು. ಮೆದುವಾದ ದಪ್ಪ ಚರ್ಮ ಬಿಳಿ ಹೊಟ್ಟಿನಂತೆ ಉದುರಿ ಕೆಳಗೆ ಹಾಸಿದ ಕಾಗದದ ಮೇಲೆ ಬೀಳುತ್ತಿತ್ತು. ಒರಟು ಕಾಗದದಿಂದ ಶುರುಮಾಡಿ ನಯವಾದದ್ದಕ್ಕೆ ಬರುವ ಕ್ರಮವನ್ನು ಅವರು ಮರಕ್ಕೆ ಹೇಗೋ ಹಾಗೆಯೇ ಪಾಲಿಸುತ್ತಿದ್ದರು. ಕೆಲವು ಕಡೆ ಕೆಳಗಿನ ಎಳೆಯ ಚರ್ಮ ಕೆಂಪಗೆ ಇಣುಕುತ್ತಿತ್ತು.

ಏಕೆಂದು ಕೇಳಿದೆ.

"ಡಾಕ್ಟರು ಅಂದ್ರು, ನಿಮ್ಮ ಕೈ ಚರ್ಮ ದಪ್ಪ, ಬಿಸಿ ತಾಗಲ್ಲ ಅಂತ. ಸರಿ. ದಪ್ಪ ತೆಗೀತೀನಿ. ಬೇಸಿಗೆ ಬರಲಿ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಮುಟ್ಟಿ ನೋಡ್ತೀನಿ. ಆಮೇಲೆ ಯಾರು ಸರಿ ಅಂತ ಹೇಳ್ತೀನಿ."

"ಆ ಕೈಲಿ ಇನ್ನು ಉಳಿ ಹಿಡಿಯೋ ಹಾಗಿಲ್ಲ," ಎಂದರು ಟೈಲರಮ್ಮ. "ಚಮಚ ಹಿಡಿದ್ರೂ ಮುಖ ಕಿವುಚ್ತಾರೆ. ನಾನು ಬೇಡ ಅಂತ ಹೇಳಿ ಸಾಕಾಯ್ತು. ರೀ, ಆ ಬೆರಳಿನ ಬುಡ ಬಿಡ್ರಿ, ರಕ್ತ ಬರುತ್ತೆ."

ಮುಂದಿನ ಭೇಟಿಗಳಲ್ಲಿ ಕೆಲಸದ ಬಗ್ಗೆ ಅವರಿಂದ ಹೊಸದೇನೂ ದಾಖಲಾಗಲಿಲ್ಲ. ಪ್ರಶ್ನೆ ಕೇಳಿದರೆ ತಲೆಯಾಡಿಸುತ್ತಿದ್ದರು. ಡಿಪೋದಿಂದ ಯಾರೋ ಒಂದು ರಾಶಿಯ ಹಸಿ ನೋಡಿಕೊಡಿ ಎಂದು ಕರೆಯಲು ಬಂದಾಗ, ಮೀಟರ್ ಇದೆಯಲ್ಲ ಎಂದು ಕಳಿಸಿಬಿಟ್ಟರು. ಬಂದವನು ಗಾದೆ ಹೇಳಲು ಬಾಯಿ ತೆರೆದು, ಮಂಚದ ಕಡೆ ನೋಡಿ, ಹಾಗೇ ಹೊರಟುಹೋದ.

ಬೇಸಿಗೆ ಬಂತು. ಮಗಳು ಅಂಗಡಿಯಲ್ಲಿದ್ದಳು, ಟೈಲರಮ್ಮ ಮುಂದಿನ ಕೋಣೆಯಲ್ಲಿ, ನಾನು ಅವರ ಬಳಿ. ಊಟದ ಹೊತ್ತು ಕಳೆದ ಮೇಲೆ ಅಡುಗೆಮನೆಯಿಂದ ಅಗಳಿ ಸರಿದ ಸದ್ದಾಯಿತು. ಮುಂದಿನ ಕೋಣೆಯ ನೆಲದವರೆಗೂ ಬೆಳಕು ಬಂದು ಬಿತ್ತು. ಟೈಲರಮ್ಮ ಅದನ್ನೇ ನೋಡಿದರು. ಹೋಗಿ ನೋಡಿ ಎಂದು ನನಗೆ ಕಣ್ಸನ್ನೆ ಮಾಡಿದರು.

ಮೇಸ್ತ್ರಿ ಜಗಲಿಯಲ್ಲಿ, ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ಮಂಡಿಯೂರಿದ್ದರು. ಎರಡೂ ಅಂಗೈಗಳನ್ನು ಹಲಗೆಯ ಮೇಲಿಟ್ಟರು. ಇಟ್ಟ ಕೈ ತಟ್ಟನೆ ಮೇಲೆದ್ದಿತು. ಎತ್ತಿದ ಕೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು. ಮತ್ತೆ ಹಲಗೆಗೆ ಒತ್ತಿದರು, ಮತ್ತು ಈ ಸಲ ಎತ್ತಲಿಲ್ಲ. ನಾನು ಕರೆದದ್ದು ಅವರಿಗೆ ಕೇಳಿಸಿತೋ ಇಲ್ಲವೋ ತಿಳಿಯದು.

"ರೀ," ಎಂದು ಒಳಗಿನಿಂದ ಟೈಲರಮ್ಮನ ದನಿ ಬಂತು. "ಏನು ಮಾಡ್ತಿದ್ದೀರಿ?"

"ಏನಿಲ್ಲ."

"ಬಿಸಿ ಇದೆಯಾ?"

ಮೇಸ್ತ್ರಿ ಕೈಗಳನ್ನು ಎತ್ತಿ ಎದೆಗೆ ಅವುಚಿಕೊಂಡರು.

"ಇಲ್ಲ ಕಣೇ. ಬೆಚ್ಚಗಿದೆ, ಅಷ್ಟೆ."

"ನಾನು ಹೇಳಲಿಲ್ವಾ," ಎಂದರು ಟೈಲರಮ್ಮ. "ಬಿಸಿನೀರೇ ಇರಬೇಕು. ಬಾಗಿಲು ಹಾಕ್ಕೊಂಡು ಒಳಗೆ ಬನ್ನಿ."

ಆ ವಾರ ಬೊಬ್ಬೆಯೆದ್ದ ಕೈಗಳಿಗೆ ಬಟ್ಟೆ ಸುತ್ತಿಕೊಂಡೇ ಅವರು ಹಲಗೆಗಳನ್ನೆಲ್ಲ ಕಿತ್ತರು. ಸ್ಕ್ರೂ ಬಿಚ್ಚಲು ಯಾರ ಸಹಾಯವನ್ನೂ ಪಡೆಯಲಿಲ್ಲ. ತೊಲೆಗಳನ್ನೂ ಕಂಬಗಳನ್ನೂ ತೆಗೆದರು. ಅವು ಮದ್ದಿನ ಮರವೇ, ಗಟ್ಟಿಯಾಗಿಯೇ ಇದ್ದವು, ಉಳಿಸಬಹುದಿತ್ತು ಎಂದು ಮಗಳು ಹೇಳಿದಳು. ಎಲ್ಲವನ್ನೂ ಹಿಂದಿನ ನೆಲದಲ್ಲಿ ಅಡ್ಡಪಟ್ಟಿ ಕೊಟ್ಟು ಒಪ್ಪವಾಗಿ ಪೇರಿಸಿ, ಮೇಲೆ ತಾಡಪಾಲು ಮುಚ್ಚಿ ಒಳಗೆ ಬಂದರು. ಬಾಗಿಲು ತೆರೆದರೆ ಈಗ ಎದುರಿಗೆ ಬರಿಯ ಗಾಳಿ, ಎದೆಮಟ್ಟದಷ್ಟು ಕೆಳಗೆ ನೆಲ.

ಎಡಗಾಲಿನ ತೀರ್ಪು ಬಂದದ್ದು ಅದಾದ ಎರಡು ತಿಂಗಳಿಗೆ. ಸುಟ್ಟ ಜಾಗದ ಅಂಚಿನಿಂದ ಕೊಳೆತ ಶುರುವಾಗಿ, ಅದೂ ಮಂಡಿಯ ಕೆಳಗೆ ಹೋಯಿತು. ಆಸ್ಪತ್ರೆಯಿಂದ ಗಾಲಿಕುರ್ಚಿಯೊಂದಿಗೆ ಮನೆಗೆ ಬಂದ ಟೈಲರಮ್ಮನನ್ನು ನಾನು ಕಂಡಾಗ ಮಗಳೂ ಅಲ್ಲಿದ್ದಳು. ಅವಳು ಅಂಗಡಿಯಿಂದ ಮತ್ತೆ ತುಂಡುಗಳನ್ನು ತಂದಿದ್ದಳು. ಮುಂದಿನ ಕೋಣೆಯ ಮಂಚದ ಮೇಲೆ ಎರಡನ್ನೂ ಇಟ್ಟಿದ್ದಳು: ತಿಳಿಬೂದಿ ಕಾಂಪೋಸಿಟ್, ಹಸಿರು ಛಾಯೆಯ ಮದ್ದಿನ ಮರ. ಜಗಲಿ ಮತ್ತೆ ಹಾಕಿದರೆ ಗಾಲಿಕುರ್ಚಿ ಅಡುಗೆಮನೆಯಿಂದ ನೇರವಾಗಿ ಬೆಳಕಿಗೆ ಹೋಗುತ್ತದೆ ಎಂಬುದು ಅವಳ ಆಸೆ. ಅಪ್ಪ ಹೇಗೂ ಹೊಸ್ತಿಲು ಕಿತ್ತಿದ್ದಾರಲ್ಲ.

ಟೈಲರಮ್ಮ ಎರಡೂ ತುಂಡುಗಳನ್ನು ಮಡಿಲಿಗೆ ತೆಗೆದುಕೊಂಡು ಬೆರಳಾಡಿಸಿದರು.

"ಈಗ ಯಾವ್ದಾದ್ರೂ ಹಾಕ್ರಿ," ಎಂದರು. "ಸಿಬಿರು ಎದ್ರೂ ಸರಿ, ಕಾದ್ರೂ ಸರಿ. ನನ್ನ ಕಡೆಯಿಂದ ತಕರಾರಿಲ್ಲ."

ಮಗಳು ಎದ್ದು ಅಡುಗೆಮನೆಗೆ ಹೋದಳು. ಮೇಸ್ತ್ರಿ ಸ್ಟೂಲಿನಿಂದ ಕದಲಲಿಲ್ಲ. ಟೈಲರಮ್ಮ ಮದ್ದಿನ ಮರದ ತುಂಡನ್ನು ಅವರ ಕಡೆ ಚಾಚಿದರು.

"ಮುಟ್ಟಿ ಹೇಳಿ, ಹಸಿ ಇದೆಯಾ ಒಣಗಿದೆಯಾ?"

"ಗೊತ್ತಾಗಲ್ಲ."

"ಹಿಡಿದಾದ್ರೂ ನೋಡ್ರಿ."

"ಗೊತ್ತಾಗಲ್ಲ ಅಂದ್ನಲ್ಲ," ಎಂದರು ಅವರು. ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡರು. ಹೊಸ ಚರ್ಮ ಸುಟ್ಟು, ಅದರ ಮೇಲೆ ಬಂದ ಚರ್ಮ ಎಳೆದು ಕಟ್ಟಿದಂತೆ ಹೊಳೆಯುತ್ತಿತ್ತು. ಆ ತುಂಡು ಸ್ವಲ್ಪ ಹೊತ್ತು ಗಾಳಿಯಲ್ಲೇ ಉಳಿಯಿತು. ಆಮೇಲೆ ಟೈಲರಮ್ಮ ಅದನ್ನು ಮಂಚದ ಮೇಲಿಟ್ಟು, ನನಗೆ ಇನ್ನೇನಾದರೂ ಕೇಳುವುದಿದೆಯೇ ಎಂದು ವಿಚಾರಿಸಿದರು. ಇಲ್ಲವೆಂದೆ.

ಮೇಸ್ತ್ರಿ ಜಗಲಿ ಹಾಕಲಿಲ್ಲ. ಬೇರೆ ಬಡಗಿಯನ್ನು ಕರೆಸಲೂ ಬಿಡಲಿಲ್ಲ. ಯಾವ ಹಲಗೆ ಎಂದು ಆರಿಸಬೇಕಾಗುತ್ತದೆ, ತಮಗೆ ಇನ್ನು ಆರಿಸುವುದು ಆಗದು ಎಂದಷ್ಟೇ ಹೇಳಿದರಂತೆ. ಗಾಲಿಕುರ್ಚಿ ಅಡುಗೆಮನೆಯಲ್ಲಿ ತಿರುಗುವಾಗ ಒಮ್ಮೆ ಹಿಂಬಾಗಿಲಿಗೆ ಬಡಿದು ಅಗಳಿ ಜಾರಿತು. ತಡೆಯುವ ಹೊಸ್ತಿಲು ಅಲ್ಲಿರಲಿಲ್ಲ. ಮುಂದಿನ ಗಾಲಿ ಅಂಚಿಗೆ ಬಂದಾಗ ಮಗಳು ಹಿಡಿದುಕೊಂಡಳು. ಆಮೇಲೆ ಅವಳೂ ಜಗಲಿಯ ಮಾತು ಬಿಟ್ಟಳು.

ಕೆಳಗಿನದು ಮಗಳು ಫೋನಿನಲ್ಲಿ ತಿಳಿಸಿ, ನಂತರ ನಾನು ಸ್ಥಳದಲ್ಲಿ ಕಂಡು ದಾಖಲೆಗೆ ಸೇರಿಸಿದ ಮಾಹಿತಿ. ಅಡುಗೆಮನೆಯ ಹಿಂಬಾಗಿಲನ್ನು ಚೌಕಟ್ಟಿನ ಸಮೇತ ತೆಗೆದು, ಆ ಜಾಗವನ್ನು ಗಾರೆಯವರಿಂದ ಇಟ್ಟಿಗೆ ಕಟ್ಟಿಸಿ ಮುಚ್ಚಲಾಯಿತು: ೨೦೧೭ರ ನವೆಂಬರ್ ೯, ಗುರುವಾರ.